ತಾಯಿ ಮರವನ್ನು ಆರಿಸುವ ಮುನ್ನ
(ಸಕಲ ಸಂತರ ಹಬ್ಬ – ನವೆಂಬರ್ 1)



ನವೆಂಬರ್ 1 ನಾಡಿಗೆ ರಾಜ್ಯೋತ್ಸವ, ಧರ್ಮಸಭೆಗೆ ಸಕಲ ಸಂತರ ಹಬ್ಬ. ಸಂತರನ್ನು ಸ್ಮರಿಸುವ ಈ ದಿನ ನಾವು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯಿದೆ: ಯಾರನ್ನು ನೋಡಿ ನಾವು ಬದುಕುತ್ತಿದ್ದೇವೆ? ನಮ್ಮ ಮಕ್ಕಳು ಯಾರನ್ನು ನೋಡಿ ಬೆಳೆಯುತ್ತಿದ್ದಾರೆ?

ಒಮ್ಮೆ ತುರುವೇಕೆರೆ ಕಡೆಯ ಒಂದು ಮನೆಯನ್ನು ಮಂತ್ರಿಸಲು ಹೋಗಿದ್ದೆವು. ಮನೆಯ ಹಿಂದೆಯೇ ತೆಂಗಿನ ತೋಟ. ಬಚ್ಚಲಿನ ಪಕ್ಕದ ಮರವೊಂದರಲ್ಲಿ ಗೊನೆಗಳು ಜೋತಾಡುತ್ತಿದ್ದವು. "ಬಿತ್ತನೆಗೆ ಇದರ ಕಾಯಿಯೇ ಇಡುತ್ತೀರೇನೋ?" ಎಂದೆವು. ಹಿರಿಯರು ನಕ್ಕರು. "ಇಲ್ಲ ಸ್ವಾಮಿ. ಇದು ಬಚ್ಚಲು ನೀರು ಕುಡಿದು ಕೊಬ್ಬಿರೋ ಮರ. ಕಾಯಿ ತಿನ್ನೋಕೆ ಚೆನ್ನ, ಬಿತ್ತನೆಗೆ ಬೇಡ. ಬಿತ್ತನೆಗೆ ನಡು ತೋಟದ ಮರ ಆಗಬೇಕು. ಮಳೆ ಕೈಕೊಟ್ಟ ವರ್ಷವೂ ಕಾಯಿ ಬಿಟ್ಟಿರಬೇಕು" ಎಂದರು.

ತೋಟಗಾರಿಕೆ ಬಲ್ಲವರು ಹೇಳುವುದೂ ಇದನ್ನೇ. ನಮ್ಮ ತಿಪಟೂರು ಟಾಲ್ ತಳಿಯಂತಹ ಎತ್ತರದ ತೆಂಗಿನಲ್ಲಿ ತಾಯಿ ಮರ ಚೆನ್ನಾಗಿ ಬಲಿತು, ಸ್ಥಿರವಾಗಿ ಫಲಕ್ಕೆ ಬಂದಿರಬೇಕು. ವರ್ಷಕ್ಕೆ 80ಕ್ಕೂ ಹೆಚ್ಚು ಕಾಯಿ, ತಪ್ಪದೆ, ಬಿಡುತ್ತಿರಬೇಕು. ರೋಗವಿರಬಾರದು. ತಿಪ್ಪೆಯ ಪಕ್ಕದ ಮರ, ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯಿ ಕೊಡುವ ಮರ ಬೇಡ. ಇಷ್ಟು ಎಚ್ಚರಿಕೆ ಏಕೆ? ಈ ತಳಿಯ ಸಸಿ ಫಲ ಕೊಡಲು ಆರರಿಂದ ಎಂಟು ವರ್ಷ ಬೇಕು. ಆಯ್ಕೆ ತಪ್ಪಿತೆಂದು ತಿಳಿಯುವ ಹೊತ್ತಿಗೆ ಅಷ್ಟು ವರ್ಷಗಳು ಕಳೆದಿರುತ್ತವೆ.

ಸಸಿಯ ವಿಷಯದಲ್ಲಿ ಇಷ್ಟು ಜಾಗ್ರತೆ ವಹಿಸುವ ನಾವು ಬದುಕಿನ ಆದರ್ಶವನ್ನು ಆರಿಸುವಾಗ ಏನು ಮಾಡುತ್ತೇವೆ? ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುತ್ತಿದ್ದ ಮಕ್ಕಳನ್ನು "ಯಾರ ಹಾಗೆ ಆಗಬೇಕು?" ಎಂದು ಕೇಳಿದೆವು. ಸಿನಿಮಾ ನಟರು, ಕ್ರಿಕೆಟ್ ಆಟಗಾರರು, ಮೊಬೈಲಿನಲ್ಲಿ ಕಾಣುವವರ ಹೆಸರುಗಳೇ ಬಂದವು. ಪ್ರತಿಭೆಯನ್ನು ಮೆಚ್ಚುವುದು ತಪ್ಪಲ್ಲ. ಆದರೆ ಪ್ರಚಾರದ ನೀರು ಕುಡಿದು ಬೆಳೆದ ಮರ ಬರಗಾಲದಲ್ಲಿ ಹೇಗಿರುತ್ತದೆಂದು ನಮಗೆ ಗೊತ್ತಿಲ್ಲ.

ಈ ತಪ್ಪು ಮಕ್ಕಳದ್ದು ಮಾತ್ರವಲ್ಲ, ನಮ್ಮದೂ ಹೌದು. ಬೌದ್ಧಿಕ ಅಂಗವೈಕಲ್ಯವುಳ್ಳವರೊಂದಿಗೆ ಒಂದೇ ಮನೆಯಲ್ಲಿ ಬಾಳುವ ಲಾರ್ಶ್ ಸಮುದಾಯವನ್ನು ಜೀನ್ ವಾನಿಯೆ 1964ರಲ್ಲಿ ಫ್ರಾನ್ಸಿನಲ್ಲಿ ಆರಂಭಿಸಿದರು. ಅದರ ಶಾಖೆಯಾಗಿ 1970ರಲ್ಲಿ ನಮ್ಮ ಬೆಂಗಳೂರಿನಲ್ಲೇ ಆಶಾ ನಿಕೇತನ ಹುಟ್ಟಿತು. ಅವರನ್ನು "ಜೀವಂತ ಸಂತ" ಎಂದು ಪ್ರಬೋಧನೆಗಳಲ್ಲಿ ಕೊಂಡಾಡಿದವರಲ್ಲಿ ನಾವೂ ಒಬ್ಬರು. 2019ರಲ್ಲಿ ಅವರು ತೀರಿಕೊಂಡರು. ಮರುವರ್ಷವೇ, ಲಾರ್ಶ್ ಸಂಸ್ಥೆ ತಾನೇ ಮಾಡಿಸಿದ ತನಿಖೆಯ ವರದಿ ಹೊರಬಂತು. ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವರು ಹಲವು ಮಹಿಳೆಯರನ್ನು ಲೈಂಗಿಕವಾಗಿ ಶೋಷಿಸಿದ್ದು ಅದರಿಂದ ಬಯಲಾಯಿತು. ತೆಂಗಿಗೆ ಬರುವ ಅಣಬೆ ರೋಗವೂ ಹೀಗೆಯೇ. ಬೇರು ಕೊಳೆಯುತ್ತಿದ್ದರೂ ಮೇಲಿನ ಗರಿ ಕೆಲಕಾಲ ಹಸಿರಾಗಿಯೇ ಇರುತ್ತದೆ.

ಹಾಗಾದರೆ ಯಾರನ್ನೂ ನಂಬಬಾರದೆ? ಪವಿತ್ರ ಗ್ರಂಥ ಹಾಗೆ ಹೇಳುವುದಿಲ್ಲ. ಹಿಬ್ರಿಯರಿಗೆ ಬರೆದ ಪತ್ರ (13:7) ನಮಗೆ ದೇವರ ವಾಕ್ಯ ಸಾರಿದವರ ಬಾಳು ಹೇಗೆ ಕೊನೆಗೊಂಡಿತೆಂದು ಗಮನಿಸಿ, ಅವರ ವಿಶ್ವಾಸವನ್ನು ಅನುಸರಿಸಲು ತಿಳಿಸುತ್ತದೆ. ಮೊದಲು ಗಮನಿಸುವುದು, ಆಮೇಲೆ ಅನುಸರಿಸುವುದು. ಸಂತ ಪೌಲರೂ (1 ಕೊರಿಂಥ 11:1) ತಾವು ಕ್ರಿಸ್ತರನ್ನು ಅನುಸರಿಸುವಂತೆಯೇ ಜನರು ತಮ್ಮನ್ನು ಅನುಸರಿಸಬೇಕೆಂದು ಕೇಳಿಕೊಂಡರು. ಕ್ರಿಸ್ತರ ದಾರಿ ತಪ್ಪಿದವರನ್ನು, ಅವರು ಎಷ್ಟೇ ದೊಡ್ಡವರಾಗಿರಲಿ, ನಾವು ಹಿಂಬಾಲಿಸಬೇಕಿಲ್ಲ. ಅವರಿಂದ ನೊಂದವರ ಮಾತನ್ನು ಮುಚ್ಚಿಹಾಕಬೇಕಾಗಿಯೂ ಇಲ್ಲ.

ಈ ಕಾರಣಕ್ಕೇ ಧರ್ಮಸಭೆ ಸಂತ ಪದವಿ ನೀಡಲು ಆತುರಪಡುವುದಿಲ್ಲ. ಸಾಮಾನ್ಯವಾಗಿ, ವ್ಯಕ್ತಿ ತೀರಿಕೊಂಡು ಐದು ವರ್ಷವಾದರೂ ಕಳೆಯದೆ ವಿಚಾರಣೆ ಆರಂಭವಾಗುವುದೇ ಇಲ್ಲ. ನಮ್ಮ ಕರಾವಳಿಯಲ್ಲಿ ನಡೆದಾಡಿದ ಸಂತ ಜೋಸೆಫ್ ವಾಜ್‌ರನ್ನೇ ನೋಡಿ. 1651ರಲ್ಲಿ ಗೋವಾದ ಬಾಣಾವಳಿಯಲ್ಲಿ ಹುಟ್ಟಿದ ಅವರು 1681ರಲ್ಲಿ ಕೆನರಾಕ್ಕೆ ಬಂದರು. ಆಗ ಅಲ್ಲಿ ಅಧಿಕಾರ ಯಾರದ್ದೆಂಬ ಜಗಳ. ಗೋವಾದ ಮಹಾಧರ್ಮಾಧ್ಯಕ್ಷರದೋ, ರೋಮ್ ನೇಮಿಸಿದ ಧರ್ಮಾಧ್ಯಕ್ಷರದೋ ಎಂದು ತಿಳಿಯದೆ ಜನ ಕಂಗೆಟ್ಟಿದ್ದರು. ವಾಜ್‌ರವರು ಯಾವ ಪಕ್ಷವನ್ನೂ ಕೆರಳಿಸದೆ ಶಾಂತಿಗಾಗಿ ದುಡಿದರು. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ ಇಂದಿಗೂ ಅವರ ಪುಣ್ಯಕ್ಷೇತ್ರವಿದೆ.

ಮುಂದೆ, ಕಥೋಲಿಕ ಗುರುಗಳಿಗೆ ನಿಷೇಧವಿದ್ದ ಸಿಂಹಳಕ್ಕೆ 1687ರಲ್ಲಿ ವೇಷ ಮರೆಸಿಕೊಂಡು ಹೋದರು. ಕ್ಯಾಂಡಿಯಲ್ಲಿ ಗೂಢಚಾರನೆಂಬ ಸಂಶಯಕ್ಕೆ ಸೆರೆಯಾದರು. 1697ರಲ್ಲಿ ಅದೇ ಊರಿಗೆ ಸಿಡುಬು ಬಂದಾಗ ಅನೇಕರು ಊರು ಬಿಟ್ಟು ಓಡಿದರು. ಇವರು ಓಡಲಿಲ್ಲ. ರೋಗಿಗಳ ಆರೈಕೆ ಮಾಡಿದರು, ಸತ್ತವರನ್ನು ಮಣ್ಣು ಮಾಡಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಪ್ರಾಣ ಬಿಟ್ಟರು. ಜಗದ್ಗುರು ಫ್ರಾನ್ಸಿಸ್‌ರವರು ಅವರನ್ನು ಸಂತರೆಂದು ಘೋಷಿಸಿದ್ದು 2015ರಲ್ಲಿ, 304 ವರ್ಷಗಳ ನಂತರ. ಇದು ಬರಗಾಲದಲ್ಲೂ ಕಾಯಿ ಬಿಟ್ಟ ನಡು ತೋಟದ ಮರ.

ಆದರೆ ಸಂತರು ದೂರದವರು ಎನಿಸಬಹುದು. ಹತ್ತಿರದ ಆಯ್ಕೆಯೊಂದು ಪ್ರತಿ ಮನೆಯಲ್ಲೂ ನಡೆಯುತ್ತದೆ: ಜ್ಞಾನಸ್ನಾನಕ್ಕೆ ಜ್ಞಾನತಂದೆ, ಜ್ಞಾನತಾಯಿಯನ್ನು ಆರಿಸುವುದು. ಧರ್ಮಸಭೆಯ ಕಾನೂನಿನ ಪ್ರಕಾರ (874) ಅವರಿಗೆ ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ದೃಢೀಕರಣ ಮತ್ತು ಪರಮಪ್ರಸಾದ ಸಂಸ್ಕಾರಗಳನ್ನು ಪಡೆದಿರಬೇಕು, ವಿಶ್ವಾಸಕ್ಕೆ ತಕ್ಕ ಬಾಳು ಬಾಳುತ್ತಿರಬೇಕು. ನಾವು ನೋಡುವುದು ಏನನ್ನು? ಚೈನು ಹಾಕುವವರು ಯಾರು, ಮುಂದೆ ಕೆಲಸ ಕೊಡಿಸುವವರು ಯಾರು! ಬೆಂಗಳೂರಿನ ಅನುಕೂಲಸ್ಥ ನೆಂಟರಿಗಿಂತ, ಕೊಬ್ಬರಿ ಸುಲಿದು ಬದುಕುತ್ತಾ, ಬಲಿಪೂಜೆ ತಪ್ಪಿಸದ, ತೂಕದಲ್ಲಿ ಮೋಸ ಮಾಡದ, ಜಗಳವಾಡಿದವರ ಮನೆಗೆ ತಾನೇ ಮೊದಲು ಹೋಗುವ ಚಿಕ್ಕಮ್ಮನೋ ದೊಡ್ಡಪ್ಪನೋ ನಿಮ್ಮ ಮಗುವಿಗೆ ಉತ್ತಮ ತಾಯಿ ಮರವಾಗಬಹುದು. ಅವರಲ್ಲೂ ಕೊರತೆಗಳಿರುತ್ತವೆ. ಪೇತ್ರರೂ ಯೇಸುಸ್ವಾಮಿಯನ್ನು ಅರಿಯೆನೆಂದರು, ಆದರೆ ಅತ್ತು ಹಿಂದಿರುಗಿದರು. ತಪ್ಪನ್ನು ಒಪ್ಪಿಕೊಂಡು ತಿದ್ದಿಕೊಳ್ಳುವವರು ಆದರ್ಶವಾಗಬಲ್ಲರು. ಮುಚ್ಚಿಟ್ಟುಕೊಳ್ಳುವವರಲ್ಲ.

ಪ್ರಿಯರೇ, ಇಂದು ಸಂಜೆ ಜಪಸರದ ಬಳಿಕ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಬ್ಬ ಸಂತರ ಕಥೆ ಹೇಳಿ. ನಿಮ್ಮ ಬಳಗದಲ್ಲಿ ದೇವರಿಗೆ ಅಂಜಿ ಬಾಳಿ ಹೋದ ಒಬ್ಬರನ್ನೂ ನೆನೆಯಿರಿ. ಬೇರೆ ಮತದ ನೆರೆಹೊರೆಯವರ ನಡುವೆ ಚದುರಿ ಬಾಳುವ ನಮ್ಮನ್ನು ನೋಡುವ ಕಣ್ಣುಗಳು ಬಹಳ. ಎಲ್ಲಕ್ಕಿಂತ ಹತ್ತಿರದಿಂದ ನೋಡುವುದು ಮನೆಯ ಮಕ್ಕಳ ಕಣ್ಣು. ಇಂದು ಅವರ ಮುಂದೆ ನೆಟ್ಟದ್ದರ ಫಲವನ್ನು ಕೆಲವು ವರ್ಷಗಳ ನಂತರ ನಾವೇ ಕೊಯ್ಯಬೇಕು.

ಸಕಲ ಸಂತರ ಪ್ರಾರ್ಥನೆಯ ನೆರವಿನಿಂದ ಪ್ರಭು ಯೇಸು ನಮ್ಮ ಕುಟುಂಬಗಳನ್ನು ಆಶೀರ್ವದಿಸಲಿ. ಆಮೆನ್.