ಕಲೆಯಿಲ್ಲದ ದಿನವನ್ನೂ ಬರೆದಿಟ್ಟವನು

1833: ಸೂರ್ಯನನ್ನು ನೋಡಿದ ದಿನ 267, ಕಂಡ ಕಲೆಗುಂಪು 33, ಒಂದೂ ಕಲೆ ಕಾಣದ ದಿನ 139.

1837: ನೋಡಿದ ದಿನ 168, ಕಲೆಗುಂಪು 333, ಕಲೆ ಕಾಣದ ದಿನ ಸೊನ್ನೆ.

ಜರ್ಮನಿಯ ದೆಸ್ಸೌ ಊರಿನ ಸ್ಯಾಮ್ಯುಯೆಲ್ ಹೈನ್ರಿಖ್ ಶ್ವಾಬೆ ಇಟ್ಟ ಲೆಕ್ಕದ ಎರಡು ಸಾಲುಗಳಿವು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಷ್ಟೇ ಸಪ್ಪೆ. ಆದರೆ ಸೂರ್ಯನ ಕಲೆಗಳು ವರ್ಷಗಳ ಲಯದಲ್ಲಿ ಹೆಚ್ಚಿ ಕುಗ್ಗುತ್ತವೆ ಎಂಬುದು ಜಗತ್ತಿಗೆ ಖಾತ್ರಿಯಾದದ್ದು ಇಂಥ ಸಾಲುಗಳಿಂದಲೇ.

ಶ್ವಾಬೆ ವೃತ್ತಿಯಲ್ಲಿ ಔಷಧಿ ಅಂಗಡಿಯವನು. 1829ರಲ್ಲಿ ಅಂಗಡಿಯನ್ನೂ ಮಾರಿ ಪೂರ್ತಿಯಾಗಿ ದೂರದರ್ಶಕಕ್ಕೆ ಅಂಟಿಕೊಂಡ. ಅವನು ಹುಡುಕುತ್ತಿದ್ದದ್ದು ಕಲೆಗಳನ್ನಲ್ಲ, ಬುಧನಿಗಿಂತ ಒಳಗಡೆ ಸುತ್ತುತ್ತಿರಬಹುದಾದ ಒಂದು ಗ್ರಹವನ್ನು. ಅಂಥ ಗ್ರಹವಿದ್ದರೆ ಎಂದಾದರೊಂದು ದಿನ ಸೂರ್ಯಬಿಂಬದ ಮೇಲೆ ಕಪ್ಪು ಚುಕ್ಕಿಯಾಗಿ ಹಾದುಹೋಗಬೇಕು. ತೊಂದರೆ ಏನೆಂದರೆ ಸೂರ್ಯನ ಮೇಲೆ ಮೊದಲೇ ಬೇಕಾದಷ್ಟು ಚುಕ್ಕಿಗಳಿವೆ. ಗ್ರಹವಾದರೆ ಕೆಲವೇ ಗಂಟೆಗಳಲ್ಲಿ ದಾಟಿಬಿಡುತ್ತದೆ. ಕಲೆಯಾದರೆ ಸೂರ್ಯನ ಜೊತೆಯಲ್ಲೇ ತಿರುಗುತ್ತ ಒಂದಂಚಿನಿಂದ ಇನ್ನೊಂದಂಚಿಗೆ ಬರಲು ಸುಮಾರು ಎರಡು ವಾರ ತೆಗೆದುಕೊಳ್ಳುತ್ತದೆ. ಅವುಗಳಲ್ಲಿ ಗ್ರಹ ಯಾವುದೆಂದು ಗೊತ್ತಾಗಬೇಕಾದರೆ ಒಂದೊಂದು ಕಲೆಯನ್ನೂ ಪರಿಚಯ ಮಾಡಿಕೊಳ್ಳಬೇಕು. ಆದ್ದರಿಂದ ಮೋಡವಿಲ್ಲದ ದಿನವೆಲ್ಲ ನೋಡಿದ, ಬರೆದ.

ಗ್ರಹ ಸಿಗಲಿಲ್ಲ. ಇದ್ದರಲ್ಲವೇ ಸಿಗುವುದು! 1843ರಲ್ಲಿ, ಕಲೆಗುಂಪುಗಳ ಸಂಖ್ಯೆ ಮತ್ತೆ 34ಕ್ಕೆ ಇಳಿದ ವರ್ಷ, ಸುಮಾರು ಹತ್ತು ವರ್ಷಗಳ ಆವರ್ತನ ಇರುವಂತಿದೆ ಎಂದು ಚಿಕ್ಕ ಟಿಪ್ಪಣಿಯೊಂದನ್ನು ಬರೆದ; ಅದು ಮರುವರ್ಷ ಪ್ರಕಟವಾಯಿತು. ಹೆಚ್ಚಿನವರು ತಲೆ ಕೆಡಿಸಿಕೊಳ್ಳಲಿಲ್ಲ. ಕೆಲವು ವರ್ಷಗಳ ನಂತರ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ತನ್ನ ‘ಕಾಸ್ಮೋಸ್’ ಗ್ರಂಥದಲ್ಲಿ ಆ ಪಟ್ಟಿಯನ್ನು ಸೇರಿಸಿದ ಮೇಲೆಯೇ ವಿದ್ವಾಂಸರ ಕಣ್ಣು ಅದರತ್ತ ಹೊರಳಿದ್ದು. 1857ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. ಈ ಆವರ್ತನ ಸರಾಸರಿ ಹನ್ನೊಂದು ವರ್ಷದ್ದೆಂದು ಲೆಕ್ಕ ಹಾಕಿದವನು ಸ್ವಿಟ್ಜರ್ಲೆಂಡಿನ ರುಡಾಲ್ಫ್ ವುಲ್ಫ್.

ಗೆಲಿಲಿಯೋ ಕಾಲದಿಂದಲೂ ದೂರದರ್ಶಕದಲ್ಲಿ ಸೂರ್ಯನ ಕಲೆಗಳನ್ನು ನೋಡಿದವರಿಗೆ ಬರವಿರಲಿಲ್ಲ. ಶ್ವಾಬೆಯ ಹೆಚ್ಚುಗಾರಿಕೆ ಇರುವುದು, ನನ್ನ ಪ್ರಕಾರ, ಆ 139ರಲ್ಲಿ. ‘ನೋಡಿದೆ, ಏನೂ ಇರಲಿಲ್ಲ’ ಎನ್ನುವುದಕ್ಕೂ ‘ನೋಡಲಿಲ್ಲ’ ಎನ್ನುವುದಕ್ಕೂ ಅಜಗಜಾಂತರ. ಆ ದಿನಗಳನ್ನು ಖಾಲಿ ಬಿಟ್ಟಿದ್ದರೆ ಆ ವರ್ಷ ಸುಮ್ಮನಿದ್ದದ್ದು ಸೂರ್ಯನೋ ಶ್ವಾಬೆಯೋ ಎಂದು ಹೇಳುವುದು ಹೇಗೆ? 1837ರಲ್ಲಿ ಸುಮಾರು ನೂರು ದಿನ ಕಡಿಮೆ ನೋಡಿಯೂ ಹತ್ತು ಪಟ್ಟು ಕಲೆಗುಂಪು ಕಂಡಿತು ಎಂಬುದಕ್ಕೆ ತೂಕ ಬರುವುದೂ ನೋಡಿದ ದಿನಗಳ ಲೆಕ್ಕ ಪಕ್ಕದಲ್ಲೇ ಇರುವುದರಿಂದ.

ಹಾಗೆಂದು ಹಾಜರಿ ಹಾಕಿದ ಮಾತ್ರಕ್ಕೆ ಎಲ್ಲವೂ ಕಾಣುತ್ತದೆ ಎನ್ನುವಂತಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 24 ರೇಡಿಯಾಲಜಿಸ್ಟುಗಳಿಗೆ ಶ್ವಾಸಕೋಶದ ಸ್ಕ್ಯಾನ್ ಕೊಟ್ಟು ಗಂಟುಗಳನ್ನು ಹುಡುಕಲು ಹೇಳಿದ್ದರು. ಕೊನೆಯ ಸ್ಕ್ಯಾನಿನಲ್ಲಿ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವೊಂದನ್ನು ಸೇರಿಸಲಾಗಿತ್ತು. ಇಪ್ಪತ್ತು ಮಂದಿಗೆ ಅದು ಕಾಣಲೇ ಇಲ್ಲ. ಅವರಲ್ಲಿ ಹೆಚ್ಚಿನವರ ದೃಷ್ಟಿ ಗೊರಿಲ್ಲಾ ಇದ್ದಲ್ಲಿಗೇ ಹೋಗಿತ್ತು ಎಂಬುದನ್ನು ಕಣ್ಣಿನ ಚಲನೆ ಅಳೆಯುವ ಯಂತ್ರ ತೋರಿಸಿತು. ಗಮನ ಒಂದೇ ಕಡೆ ನೆಟ್ಟಾಗ ಪಕ್ಕದ್ದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ.

1967ರಲ್ಲಿ ಕೇಂಬ್ರಿಜ್‌ನ ಸಂಶೋಧನಾ ವಿದ್ಯಾರ್ಥಿನಿ ಜಾಸ್ಲಿನ್ ಬೆಲ್ ವಿಷಯದಲ್ಲಿ ಇದು ತಿರುಗುಮುರುಗಾಯಿತು: ಹುಡುಕದೇ ಇದ್ದದ್ದೇ ಮನಸ್ಸಿಗೆ ಬಿತ್ತು. ರೇಡಿಯೋ ದೂರದರ್ಶಕ ದಿನಕ್ಕೆ ಸುಮಾರು ಮೂವತ್ತು ಮೀಟರ್ ಕಾಗದ ಉಗುಳುತ್ತಿತ್ತು. ಅದನ್ನೆಲ್ಲ ಕಣ್ಣಲ್ಲೇ ಓದಬೇಕು. ಅವರು ಹುಡುಕಬೇಕಿದ್ದದ್ದು ಕ್ವೇಸಾರ್ ಎಂಬ ಬಹುದೂರದ ರೇಡಿಯೋ ಮೂಲಗಳನ್ನು. ಕಾಗದದ ಮೇಲೆ ಕಾಲು ಅಂಗುಲದಷ್ಟಿದ್ದ ಒಂದು ಗೀಚು ಮಾತ್ರ ಕ್ವೇಸಾರ್‌ನಂತೆಯೂ ಇರಲಿಲ್ಲ, ಭೂಮಿಯ ಮೇಲಿನ ರೇಡಿಯೋ ಗದ್ದಲದಂತೆಯೂ ಇರಲಿಲ್ಲ. ಆಕಾಶದ ಅದೇ ಭಾಗದಲ್ಲಿ ಮೊದಲೂ ಇದನ್ನು ಕಂಡಿದ್ದೇನಲ್ಲ ಎಂದು ಅವರಿಗೆ ನೆನಪಾಯಿತು. ಹಳೆಯ ಕಾಗದಗಳನ್ನು ತೆಗೆದು ನೋಡಿದರೆ ಅದು ಬರುತ್ತಿದ್ದದ್ದು ಗಡಿಯಾರದ ಹೊತ್ತಿಗಲ್ಲ, ದಿನಕ್ಕೆ ನಾಲ್ಕು ನಿಮಿಷ ಬೇಗ, ಅಂದರೆ ನಕ್ಷತ್ರಗಳ ಹೊತ್ತಿಗೆ.

ವೇಗದ ರೆಕಾರ್ಡರ್‌ನಲ್ಲಿ ಅದನ್ನು ಹಿಗ್ಗಿಸಿ ಹಿಡಿಯಲು ವಾರಗಟ್ಟಲೆ ದಿನವೂ ವೀಕ್ಷಣಾಲಯಕ್ಕೆ ಹೋದರು. ಏನೂ ಇಲ್ಲ. ಒಂದು ದಿನ ಅದನ್ನು ಬಿಟ್ಟು ಉಪನ್ಯಾಸ ಕೇಳಲು ಹೋದರೆ, ಮರುದಿನ ಮಾಮೂಲಿ ಕಾಗದದಲ್ಲಿ ನೋಡುತ್ತಾರೆ: ಗೀಚು ಬಂದು ಹೋಗಿತ್ತು! ನವೆಂಬರ್ ಕೊನೆಗೆ ಅದು ಸಿಕ್ಕಿತು, ಸುಮಾರು 1.34 ಸೆಕೆಂಡಿಗೊಂದು ಮಿಡಿತದಂತೆ. ಅದೇ ಕಂಡುಬಂದ ಮೊದಲ ಪಲ್ಸಾರ್, ಅಂದರೆ ಮಿಡಿಯುವ ನಕ್ಷತ್ರ. 1974ರ ನೊಬೆಲ್ ಅವರ ಮಾರ್ಗದರ್ಶಕರಿಗೆ ಹೋಯಿತು. ಆ ಕಥೆ ಬೇರೆ.

ನಮ್ಮಲ್ಲಿ ಶ್ವಾಬೆಯ ಕೆಲಸ ಮುಂದುವರಿದದ್ದು ಕೊಡೈಕೆನಾಲ್‌ನಲ್ಲಿ. ಈಗ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅಧೀನದಲ್ಲಿರುವ ಆ ವೀಕ್ಷಣಾಲಯ 1904ರಿಂದ ಸೂರ್ಯನ ಚಿತ್ರ ತೆಗೆಯುತ್ತ ಬಂದಿದೆ. ಹಳೆಯ ಚಿತ್ರಗಳೆಲ್ಲ ಡಿಜಿಟಲ್ ರೂಪಕ್ಕೆ ಬಂದಿವೆ. ಶ್ವಾಬೆ ಬಿಡಿಸಿದ ಸಾವಿರಾರು ಚಿತ್ರಗಳಿಗೂ ಅದೇ ಭಾಗ್ಯ ಸಿಕ್ಕಿದೆ. ನಿತ್ಯ ಮಾಡುವ ಇಂಥ ಕೆಲಸಕ್ಕೆ ಹಣ ಹೊಂದಿಸುವುದು ಎಲ್ಲ ಕಾಲದಲ್ಲೂ ಕಷ್ಟವೇ, ಏಕೆಂದರೆ ಈ ವರ್ಷ ಏನು ಕಂಡುಹಿಡಿದಿರಿ ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಆದರೂ ಎಣಿಕೆ ನಿಂತಿಲ್ಲ. ಶ್ವಾಬೆ ಗುರುತಿಸಿದ ಆ ಆವರ್ತನಕ್ಕೆ ಈಗ ಸೌರಚಕ್ರವೆಂದು ಹೆಸರು; 1755ರಿಂದ ಎಣಿಸಿದರೆ 25ನೆಯದು 2019ರ ಡಿಸೆಂಬರ್‌ನಲ್ಲಿ ಶುರುವಾಯಿತು. ಅದರ ಅಬ್ಬರ ಏರಿದ್ದಾಗ, 2024ರ ಮೇ 10ರ ರಾತ್ರಿ, ಅದೇ ಖಭೌತ ಸಂಸ್ಥೆ ಲಡಾಖ್‌ನ ಹಾನ್ಲೆಯಲ್ಲಿ ಇಡೀ ಆಕಾಶವನ್ನು ಸೆರೆಹಿಡಿಯಲು ಇಟ್ಟಿದ್ದ ಕ್ಯಾಮೆರಾಗಳಲ್ಲಿ ಧ್ರುವಪ್ರಭೆಯ ಕೆಂಪು ದಾಖಲಾಯಿತು.