ಅಳಿವೆಯಲ್ಲಿ ನಿಲ್ಲುವ ಎಂಜಿನ್: ನಾಡದೋಣಿಯ ಇಂಧನದ ಹಾದಿ

ಕರಾವಳಿಯ ನಾಡದೋಣಿಗಳ ಹಿಂಬದಿಯ ಹಲಗೆಗೆ ಬಿಗಿದಿರುವ ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ತಲೆದೋರುವ ಇಂಧನದ ತೊಂದರೆಗಳಿಗೆ ಒಂದು ಸಮಾನ ಗುಣವಿದೆ: ದೋಣಿ ದಕ್ಕೆಯಲ್ಲಿ ಕಟ್ಟಿರುವಾಗ ಅವು ಹೆಚ್ಚಾಗಿ ಕಾಣಿಸಿಕೊಳ್ಳುವುದೇ ಇಲ್ಲ. ಮಂದಗತಿಯಲ್ಲಿ ಓಡುವ ಎಂಜಿನ್‌ಗೆ ಬೇಕಾದ ಇಂಧನ ಬಹಳ ಸ್ವಲ್ಪವಾದ್ದರಿಂದ ಅರೆಬರೆ ಕಟ್ಟಿಕೊಂಡ ಕೊಳವೆಯೂ ಸೊರಗಿದ ಪಂಪೂ ಅಷ್ಟನ್ನು ಹೇಗೋ ಒದಗಿಸುತ್ತವೆ. ನದಿಯ ಹರಿವಿಗೆ ಕಡಲ ಅಲೆ ಎದುರಾಗಿ ಒಡೆಯುವ ಅಳಿವೆಯ ಬಾಗಿಲಲ್ಲಿ ಥ್ರಾಟಲನ್ನು ಪೂರ್ತಿ ತಿರುಗಿಸಿದಾಗ ಮಾತ್ರ ಕೊರತೆ ಬಯಲಾಗುತ್ತದೆ. ಕರ್ನಾಟಕದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವಾಗ, ಎಂಜಿನ್ ಇರುವ ದೋಣಿಗಳ ಪೈಕಿ 10 ಅಶ್ವಶಕ್ತಿಯವರೆಗಿನ ಎಂಜಿನ್ ಅಳವಡಿಸಿದ ನಾಡದೋಣಿಗಳಿಗೆ ಮಾತ್ರ ಕಡಲಿಗಿಳಿಯಲು ಅವಕಾಶವಿರುತ್ತದೆ. ಹೀಗಾಗಿ ಗಂಗೊಳ್ಳಿ, ಮಲ್ಪೆ, ಹೊನ್ನಾವರದಂಥ ಕಡೆಗಳಲ್ಲಿ ವರ್ಷದ ಅತ್ಯಂತ ಒರಟು ನೀರನ್ನು ಎದುರಿಸುವುದು ಅತ್ಯಂತ ಚಿಕ್ಕ ಎಂಜಿನ್‌ಗಳೇ ಆಗಿವೆ, ಮತ್ತು ಅಲ್ಲಿ ಅರ್ಧ ನಿಮಿಷ ಎಂಜಿನ್ ನಿಂತರೂ ದೋಣಿ ಅಲೆಗೆ ಅಡ್ಡಲಾಗಿ ತಿರುಗಿ ಮಗುಚಬಹುದು. ಇಂಧನದ ಹಾದಿಯನ್ನು ಅರಿತಿರುವುದು ಮೆಕ್ಯಾನಿಕ್‌ಗೆ ಎಷ್ಟು ಅಗತ್ಯವೋ ದೋಣಿ ನಡೆಸುವವನಿಗೂ ಅಷ್ಟೇ ಅಗತ್ಯವೆನ್ನಲು ಕಾರಣ ಇದು.

ದೋಣಿಯ ಹೊರಬದಿಗೆ ತೂಗುಹಾಕಿ, ಬೇಕೆಂದಾಗ ಬಿಚ್ಚಿ ಒಯ್ಯಬಹುದಾದ ಈ ಬಗೆಯ ಎಂಜಿನ್‌ಗಳು ಜನಪ್ರಿಯವಾದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಓಲೆ ಎವಿನ್‌ರೂಡ್ ಮುಂತಾದವರ ಕೈಯಲ್ಲಿ. ಬಿಚ್ಚಿ ಒಯ್ಯುವ ಈ ಅನುಕೂಲಕ್ಕಾಗಿಯೇ ಇಂಧನದ ಟ್ಯಾಂಕ್ ಎಂಜಿನ್‌ನಿಂದ ಬೇರೆಯಾಗಿ ದೋಣಿಯ ತಳದಲ್ಲಿ ಕುಳಿತಿರುತ್ತದೆ. ಕಾರ್ಬ್ಯುರೇಟರ್ ಇರುವುದು ಅದಕ್ಕಿಂತ ಎತ್ತರದಲ್ಲಿ. ಹಳೆಯ ಮೋಟಾರ್‌ಸೈಕಲ್‌ನಲ್ಲಿ ಮೇಲಿನ ಟ್ಯಾಂಕಿನಿಂದ ಪೆಟ್ರೋಲ್ ತಾನಾಗಿ ಕೆಳಗಿಳಿಯುವಂತೆ ಇಲ್ಲಿ ಇಳಿಯಲಾರದು, ಅದನ್ನು ಮೇಲಕ್ಕೇರಿಸಬೇಕಾಗುತ್ತದೆ. ಔಟ್‌ಬೋರ್ಡ್‌ನ ಇಂಧನದ ತೊಂದರೆಗಳಲ್ಲಿ ದೊಡ್ಡ ಪಾಲು ಈ ಏರಿಕೆಯಲ್ಲಿಯೇ ಹುಟ್ಟುತ್ತದೆ; ಆದರೂ ಎಂಜಿನ್ ನಿಂತೊಡನೆ ಮೊದಲು ಕಾರ್ಬ್ಯುರೇಟರನ್ನೇ ಬಿಚ್ಚುವ ರೂಢಿ ಎಲ್ಲೆಡೆ ಇದೆ. ಸರಿಯಿದ್ದ ಭಾಗವನ್ನು ಕೆಡಿಸಿ, ಕೆಟ್ಟ ಭಾಗವನ್ನು ಹಾಗೆಯೇ ಉಳಿಸುವ ಈ ರೂಢಿಯನ್ನು ಬಿಡುವುದು ಒಳ್ಳೆಯದು.

ಏರಿಕೆಯ ಕೆಲಸವನ್ನು ಮಾಡುವುದು ಡಯಾಫ್ರಮ್ ಪಂಪ್, ಅಂದರೆ ತೆಳುವಾದ ಬಗ್ಗುವ ಪೊರೆಯೊಂದನ್ನೂ ಒಮ್ಮುಖವಾಗಿ ಮಾತ್ರ ತೆರೆಯುವ ಎರಡು ವಾಲ್ವ್‌ಗಳನ್ನೂ ಹೊಂದಿದ ಅಂಗೈಯೊಳಗೆ ಹಿಡಿಸುವ ಸಾಧನ. ಎರಡು ಸ್ಟ್ರೋಕಿನ ಎಂಜಿನ್‌ನಲ್ಲಿ ಪಿಸ್ಟನ್ ಮೇಲೇರಿದಾಗ ಅದರ ಕೆಳಗಿನ ಕೋಣೆಯಾದ ಕ್ರಾಂಕ್‌ಕೇಸ್‌ನಲ್ಲಿ ಒತ್ತಡ ಕುಸಿಯುತ್ತದೆ, ಇಳಿದಾಗ ಏರುತ್ತದೆ. ಈ ಏರಿಳಿತವನ್ನು ಸಣ್ಣ ರಂಧ್ರವೊಂದರ ಮೂಲಕ ಪೊರೆಯ ಒಂದು ಮಗ್ಗುಲಿಗೆ ತಲುಪಿಸಿದರೆ ಪೊರೆ ಒಳಗೂ ಹೊರಗೂ ಬಾಗುತ್ತ ಇನ್ನೊಂದು ಮಗ್ಗುಲಿನಲ್ಲಿ ಇಂಧನವನ್ನು ಸೆಳೆದು ಮುಂದಕ್ಕೆ ತಳ್ಳುತ್ತದೆ. ನಿಮಿಷಕ್ಕೆ 5,000 ಸುತ್ತು ತಿರುಗುವ ಎಂಜಿನ್‌ನಲ್ಲಿ ಆ ಪೊರೆ ಸೆಕೆಂಡಿಗೆ ಎಂಬತ್ತಕ್ಕೂ ಹೆಚ್ಚು ಬಾರಿ ಮಿಡಿಯುತ್ತದೆ. ಸೆಳೆಯುವಾಗ ನಿಜದಲ್ಲಿ ಪಂಪ್ ಮಾಡುವುದು ತನ್ನ ಬಳಿ ಒತ್ತಡವನ್ನು ತಗ್ಗಿಸುವುದಷ್ಟೇ. ಟ್ಯಾಂಕಿನಲ್ಲಿರುವ ಇಂಧನವನ್ನು ಕೊಳವೆಯೊಳಕ್ಕೆ ದೂಡಿ ಮೇಲೇರಿಸುವುದು ಹೊರಗಿನ ವಾಯುಮಂಡಲದ ಒತ್ತಡ. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ದೋಷ ಹುಡುಕುವ ದಾರಿ ಬಹುಮಟ್ಟಿಗೆ ತಾನೇ ತೆರೆದುಕೊಳ್ಳುತ್ತದೆ.

ಮೊದಲಿಗೆ, ಗಾಳಿಯ ಒತ್ತಡ ಇಂಧನದ ಮೇಲೆ ಬೀಳಬೇಕಾದರೆ ಟ್ಯಾಂಕಿನೊಳಕ್ಕೆ ಗಾಳಿ ಹೋಗಬೇಕು. ಅದಕ್ಕೆಂದು ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿತಿರುಪೊಂದಿರುತ್ತದೆ. ಸಾಗಿಸುವಾಗ ಇಂಧನ ಚೆಲ್ಲದಿರಲೆಂದು ಮುಚ್ಚಿದ್ದನ್ನು ಸಡಿಲಿಸಲು ಮರೆತರೆ ಎಂಜಿನ್ ಹತ್ತು ಹದಿನೈದು ನಿಮಿಷ ಚೆನ್ನಾಗಿಯೇ ಓಡಿ, ಟ್ಯಾಂಕಿನೊಳಗೆ ಒತ್ತಡ ತಗ್ಗುತ್ತ ಹೋದಂತೆ ಉಸಿರುಗಟ್ಟಿದಂತೆ ಸೊರಗಿ ನಿಲ್ಲುತ್ತದೆ. ಆಗ ಕೊಳವೆಯ ನಡುವೆ ಇರುವ, ಕೈಯಿಂದ ಹಿಸುಕುವ ರಬ್ಬರ್ ಬಲ್ಬ್ ಚಪ್ಪಟೆಯಾಗಿ ಅಂಟಿಕೊಂಡಿರುವುದು ಕಾಣುತ್ತದೆ. ಬಲ್ಬ್ ಚಪ್ಪಟೆಯಾಗಿದ್ದರೆ ತಡೆ ಇರುವುದು ಬಲ್ಬಿಗಿಂತ ಹಿಂದೆ, ಅಂದರೆ ಟ್ಯಾಂಕಿನ ಕಡೆಗೆ: ಮುಚ್ಚಿದ ತಿರುಪು, ಟ್ಯಾಂಕಿನೊಳಗಿನ ಹೀರುಕೊಳವೆಯ ತುದಿಯ ಜಾಲರಿಗೆ ಮೆತ್ತಿಕೊಂಡ ಕಸ, ಇಲ್ಲವೇ ಒಳಪದರ ಕಿತ್ತು ಬಂದ ಹಳೆಯ ಪೈಪ್. ಕೊನೆಯದು ಬಹಳ ಮೋಸದ ದೋಷ, ಏಕೆಂದರೆ ಹೊರಗಿನಿಂದ ಪೈಪ್ ಸರಿಯಾಗಿಯೇ ಕಾಣುತ್ತದೆ. ಇಂಧನ ರಭಸದಿಂದ ಹರಿದಾಗ ಮಾತ್ರ ಸಡಿಲಗೊಂಡ ಒಳಪದರ ಮಡಚಿಕೊಂಡು ದಾರಿ ಮುಚ್ಚುತ್ತದೆ, ಎಂಜಿನ್ ನಿಂತೊಡನೆ ಮತ್ತೆ ತೆರೆದುಕೊಳ್ಳುತ್ತದೆ.

ಇದಕ್ಕೆ ವಿರುದ್ಧವಾದ ಸ್ಥಿತಿಯೆಂದರೆ ಎಷ್ಟು ಹಿಸುಕಿದರೂ ಬಲ್ಬ್ ಗಟ್ಟಿಯಾಗದಿರುವುದು. ಬಲ್ಬಿನ ಮೇಲಿನ ಬಾಣದ ಗುರುತು ಎಂಜಿನ್‌ನ ಕಡೆಗಿದ್ದು, ಅದರ ಹೊರಹರಿವಿನ ತುದಿಯನ್ನು ಮೇಲ್ಮುಖವಾಗಿ ಹಿಡಿದು ಹಿಸುಕಿದರೆ ಕೆಲವೇ ಸಲಕ್ಕೆ ಅದು ಬಿಗಿಯಾಗಬೇಕು. ಆಗದಿದ್ದರೆ ಬಲ್ಬಿನೊಳಗಿನ ವಾಲ್ವ್ ಕೆಟ್ಟಿರಬಹುದು, ಮುಂದೆ ಕಾರ್ಬ್ಯುರೇಟರ್ ತುಂಬಿ ಹೊರಚೆಲ್ಲುತ್ತಿರಬಹುದು, ಅಥವಾ ಹಾದಿಯಲ್ಲಿ ಎಲ್ಲೋ ಗಾಳಿ ಒಳನುಗ್ಗುತ್ತಿರಬಹುದು. ಗಾಳಿ ನುಗ್ಗುವ ದೋಷಕ್ಕೆ ಹೆಚ್ಚಿನ ಗಮನ ಬೇಕು. ಎಳನೀರು ಕುಡಿಯುವ ಕೊಳವೆಗೆ ಸೂಜಿಮೊನೆಯಷ್ಟು ತೂತಿದ್ದರೂ ಹೊರಕ್ಕೆ ಒಂದು ಹನಿಯೂ ತೊಟ್ಟಿಕ್ಕದೆ ಬಾಯಿಗೆ ಬರೀ ಗಾಳಿ ಬರುವಂತೆ, ಪಂಪಿಗಿಂತ ಹಿಂದಿನ ಹಾದಿಯಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಇಂಧನ ಹೊರಗೆ ಸೋರದೆ ಗಾಳಿಯೇ ಒಳಗೆ ಸೇರುತ್ತದೆ. ಪೈಪನ್ನು ಟ್ಯಾಂಕಿಗೂ ಎಂಜಿನ್‌ಗೂ ಜೋಡಿಸುವ ಕನೆಕ್ಟರುಗಳ ಒಳಗಿನ ರಬ್ಬರ್ ಬಳೆ ಉಪ್ಪಿನಿಂದಲೂ ಬಿಸಿಲಿನಿಂದಲೂ ಒಣಗಿ ಸೀಳುವುದು ಇದಕ್ಕೆ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ. ಪಂಪಿಗೆ ಸ್ವಲ್ಪ ಮೊದಲು ಗೇಣುದ್ದದ ಪಾರದರ್ಶಕ ಪೈಪೊಂದನ್ನು ತಾತ್ಕಾಲಿಕವಾಗಿ ಸೇರಿಸಿ ಎಂಜಿನನ್ನು ವೇಗವಾಗಿ ಓಡಿಸಿದರೆ ಗುಳ್ಳೆಗಳು ಸಾಲಾಗಿ ಸಾಗುವುದು ಕಣ್ಣಿಗೇ ಕಾಣುತ್ತದೆ.

ಇಷ್ಟರಲ್ಲಿ ತೀರ್ಮಾನ ಸಿಗದಿದ್ದರೆ ಚೆನ್ನಾಗಿರುವುದೆಂದು ಖಚಿತವಿರುವ ಬೇರೊಂದು ಟ್ಯಾಂಕನ್ನು ಅದರದೇ ಪೈಪಿನೊಡನೆ ಎಂಜಿನ್‌ಗೆ ಜೋಡಿಸಿ ನೋಡಬೇಕು. ತೊಂದರೆ ಮಾಯವಾದರೆ ದೋಷ ದೋಣಿಯ ಕಡೆಗಿದೆ, ಉಳಿದರೆ ಎಂಜಿನ್‌ನೊಳಗಿದೆ; ಒಂದೇ ಪರೀಕ್ಷೆಯಿಂದ ಹುಡುಕಾಟ ಅರ್ಧಕ್ಕಿಳಿಯುತ್ತದೆ. ಇದಕ್ಕೂ ಮೊದಲು, ತೊಂದರೆ ಇಂಧನದ್ದೋ ಕಿಡಿಯದ್ದೋ ಎಂಬುದನ್ನು ಎಂಜಿನ್ ನಿಂತ ಬಗೆಯಿಂದಲೇ ಊಹಿಸಬಹುದು. ಕಿಡಿ ತಪ್ಪಿದಾಗ ಎಂಜಿನ್ ಸ್ವಿಚ್ ಆರಿಸಿದಂತೆ ಥಟ್ಟನೆ ನಿಲ್ಲುತ್ತದೆ, ಇಂಧನ ತಪ್ಪಿದಾಗ ವೇಗ ಏರುತ್ತ ಇಳಿಯುತ್ತ ತಡವರಿಸಿ ನಿಲ್ಲುತ್ತದೆ.

ಎಂಜಿನ್‌ನೊಳಗೆ ಮೊದಲು ನೋಡಬೇಕಾದದ್ದು ಪಂಪನ್ನು. ಎಂಜಿನ್ ಸೊರಗುವ ಹೊತ್ತಿಗೆ ಬಲ್ಬನ್ನು ಒಂದೇ ಸಮನೆ ಹಿಸುಕಿದಾಗ ಅದು ಚೇತರಿಸಿಕೊಂಡು ಓಡಿದರೆ ಕಾರ್ಬ್ಯುರೇಟರ್ ನಿರ್ದೋಷಿ. ಪಂಪ್ ಮಾಡಬೇಕಾದ ಕೆಲಸವನ್ನು ಕೈ ಮಾಡುತ್ತಿದೆ ಎಂದರ್ಥ. ಪೊರೆ ಬಿರುಸಾಗಿ ಬಗ್ಗದಿದ್ದರೆ ಇಂಧನ ಸಾಲದೆ ಬರುತ್ತದೆ. ಪೊರೆಯಲ್ಲಿ ತೂತು ಬಿದ್ದರೆ ಇನ್ನೊಂದು ವಿಚಿತ್ರ ನಡೆಯುತ್ತದೆ: ಮಿಡಿತ ಬರುವ ರಂಧ್ರದ ಮೂಲಕ ಇಂಧನ ನೇರವಾಗಿ ಕ್ರಾಂಕ್‌ಕೇಸ್‌ಗೆ ಸೇರುತ್ತದೆ. ಎರಡು ಸಿಲಿಂಡರಿನ ಎಂಜಿನ್‌ನಲ್ಲಿ ಒಂದರ ಸ್ಪಾರ್ಕ್ ಪ್ಲಗ್ ಒಣಗಿ ಕಂದುಬಣ್ಣವಾಗಿದ್ದು ಇನ್ನೊಂದರದು ಎಣ್ಣೆಯಲ್ಲಿ ನೆನೆದು ಕಪ್ಪಾಗಿದ್ದರೆ ಪಂಪಿನ ಪೊರೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡುವುದು ಯೋಗ್ಯ.

ಪಂಪ್ ತಳ್ಳಿದ ಇಂಧನ ಕಾರ್ಬ್ಯುರೇಟರಿನ ಬಟ್ಟಲಿಗೆ ಬರುತ್ತದೆ. ಅಲ್ಲಿ ಫ್ಲೋಟ್ ಎಂಬ ತೇಲುವ ತುಣುಕು ಮಟ್ಟ ಏರಿದಂತೆ ತಾನೂ ಏರಿ ಸೂಜಿಯಂಥ ವಾಲ್ವನ್ನು ಮುಚ್ಚುತ್ತದೆ, ಇಳಿದಾಗ ತೆರೆಯುತ್ತದೆ. ಬಟ್ಟಲಿನಿಂದ ಇಂಧನ ಹೊರಡುವುದು ಜೆಟ್‌ಗಳೆಂಬ ಹಿತ್ತಾಳೆಯ ಸಣ್ಣ ರಂಧ್ರಗಳಿಂದ. ಮಂದಗತಿಯ ಜೆಟ್ ಅರ್ಧ ಮಿಲಿಮೀಟರಿನ ಆಸುಪಾಸಿನಷ್ಟು ಕಿರಿದು. ತಿಂಗಳುಗಟ್ಟಲೆ ಬಳಸದೆ ಇಟ್ಟ ಎಂಜಿನ್‌ನಲ್ಲಿ ಪೆಟ್ರೋಲ್ ಆವಿಯಾಗಿ ಉಳಿಸುವ ಅಂಟು ಮೊದಲು ಕಟ್ಟುವುದು ಇದನ್ನೇ, ಆದ್ದರಿಂದ ಅಂಥ ಎಂಜಿನ್ ವೇಗದಲ್ಲಿ ಸರಿಯಾಗಿದ್ದು ವೇಗ ತಗ್ಗಿಸಿದೊಡನೆ ಆರಿಹೋಗುತ್ತದೆ. ಜೆಟ್‌ಗೆ ತಂತಿ ಹಾಕಿ ಚುಚ್ಚಬಾರದು. ಮೆತ್ತನೆಯ ಹಿತ್ತಾಳೆ ಸವೆದು ರಂಧ್ರ ಹಿಗ್ಗಿದರೆ ಮಿಶ್ರಣದ ಅಳತೆ ಕಾಯಮ್ಮಾಗಿ ಕೆಡುತ್ತದೆ. ಕಾರ್ಬ್ಯುರೇಟರ್ ತೊಳೆಯುವ ದ್ರಾವಣ ಮತ್ತು ಒತ್ತಿದ ಗಾಳಿ ಸಾಕು.

ಮಳೆಗಾಲದ ಕಡಲಿನಲ್ಲಿ ಇವೆಲ್ಲಕ್ಕಿಂತ ದೊಡ್ಡ ಶತ್ರು ನೀರು. ಮುಚ್ಚಳದ ಸಂದಿಯಿಂದ ಇಳಿದ ಮಳೆನೀರು, ಸಿಡಿದ ಅಲೆಯ ನೀರು, ಅರ್ಧ ಖಾಲಿಯಾದ ಟ್ಯಾಂಕಿನ ಒಳಗೋಡೆಯಲ್ಲಿ ತಣ್ಣಗಾಗಿ ಹನಿಗಟ್ಟಿದ ತೇವ, ಎಲ್ಲವೂ ತಳ ಸೇರುತ್ತವೆ, ಏಕೆಂದರೆ ಪೆಟ್ರೋಲೂ ಸೀಮೆಎಣ್ಣೆಯೂ ನೀರಿಗಿಂತ ಹಗುರ. ಶಾಂತ ನೀರಿನಲ್ಲಿ ಹೀರುಕೊಳವೆಯ ಬಾಯಿಗಿಂತ ಕೆಳಗೆ ತೆಪ್ಪಗಿರುವ ಈ ನೀರು ಅಳಿವೆಯ ಅಲೆಯಲ್ಲಿ ಟ್ಯಾಂಕ್ ಕುಲುಕಿದೊಡನೆ ಕಲಕಿ ಮೇಲೆದ್ದು ಪೈಪ್ ಸೇರುತ್ತದೆ. ಬಟ್ಟಲಿಗೆ ಬಂದ ಮೇಲೆ ಅದು ಮತ್ತೆ ತಳಕ್ಕಿಳಿಯುತ್ತದೆ, ಮುಖ್ಯ ಜೆಟ್ ಇರುವುದೂ ಅಲ್ಲಿಯೇ. ಜೆಟ್‌ನ ಬಾಯಿಗೆ ಕುಳಿತ ಹನಿ ತನ್ನ ಮೇಲ್ಮೈ ಸೆಳೆತದಿಂದಾಗಿ ಸುಲಭವಾಗಿ ಒಳಹೋಗದೆ ಬಿರಡೆಯಂತೆ ಅಡ್ಡ ನಿಲ್ಲುತ್ತದೆ. ಬಟ್ಟಲಿನ ಕೆಳಗಿನ ತಿರುಪನ್ನು ಸಡಿಲಿಸಿ ಒಳಗಿದ್ದುದನ್ನು ಗಾಜಿನ ಸಣ್ಣ ಬಾಟಲಿಗೆ ಬಸಿದುಕೊಂಡು ಓರೆಯಾಗಿ ಹಿಡಿದರೆ ಸಂಶಯ ಪರಿಹಾರವಾಗುತ್ತದೆ: ನೀಲಿ ಬಣ್ಣ ಬೆರೆಸಿದ ಸೀಮೆಎಣ್ಣೆಯಾದರೆ ಅದರ ಕೆಳಗೆ ಬಣ್ಣವಿಲ್ಲದ ಗುಂಡು ಹನಿಗಳು ಪಾದರಸದಂತೆ ಉರುಳಾಡುತ್ತವೆ, ಅವುಗಳ ಜೊತೆಗೆ ಬಿಳಿಯ ಪುಡಿಯೂ ಇದ್ದರೆ ಉಪ್ಪುನೀರು ಅಲ್ಯೂಮಿನಿಯಂ ಬಟ್ಟಲನ್ನು ತಿನ್ನಲಾರಂಭಿಸಿದೆ.

ಸೀಮೆಎಣ್ಣೆಯ ಎಂಜಿನ್‌ಗಳಿಗೆ ಅವುಗಳದೇ ಆದ ತೊಡಕೊಂದಿದೆ. ಪೆಟ್ರೋಲ್ ಸೊನ್ನೆಗಿಂತ ಬಹಳ ಕೆಳಗಿನ ಉಷ್ಣತೆಯಲ್ಲೂ ಹೊತ್ತಿಕೊಳ್ಳುವಷ್ಟು ಆವಿಯಾಗುತ್ತದೆ, ಸೀಮೆಎಣ್ಣೆಗೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಬೇಕು. ಆದ್ದರಿಂದ ಎಂಜಿನನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಕಾಕ್ ತಿರುಗಿಸಿ ಸೀಮೆಎಣ್ಣೆಗೆ ಬದಲಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಂದು ಬಟ್ಟಲಿನಲ್ಲಿ ಉಳಿದ ಸೀಮೆಎಣ್ಣೆ ಉರಿದು ಹೋಗುವಂತೆ ನೋಡಿಕೊಳ್ಳಬೇಕು. ಈ ಕೊನೆಯ ಹಂತವನ್ನು ಬಿಟ್ಟ ಎಂಜಿನ್ ಮರುದಿನ ಎಷ್ಟು ಹಗ್ಗ ಎಳೆದರೂ ಏಳುವುದಿಲ್ಲ. ಪೆಟ್ರೋಲ್ ಬರುತ್ತಿಲ್ಲವೆಂದು ಪಂಪನ್ನು ದೂರುವ ಮೊದಲು ಬಟ್ಟಲನ್ನು ಬಸಿದು ನೋಡಿದರೆ ಹೆಚ್ಚಿನ ಸಲ ಅಲ್ಲಿಯೇ ಉತ್ತರವಿರುತ್ತದೆ.

ಸೀಮೆಎಣ್ಣೆ ಬಿಟ್ಟು ಪೆಟ್ರೋಲಿಗೆ ಹೊರಳಿದ ದೋಣಿಗಳಿಗೂ ನೀರಿನ ಕಾಟ ತಪ್ಪಿದ್ದಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಇದೆ. ಎಥೆನಾಲ್ ನೀರನ್ನು ಒಂದು ಮಿತಿಯವರೆಗೆ ತನ್ನಲ್ಲಿ ಕರಗಿಸಿಕೊಳ್ಳುತ್ತದೆ, ಮಿತಿ ಮೀರಿದಾಗ ಪೆಟ್ರೋಲಿನಿಂದ ಬೇರ್ಪಟ್ಟು ನೀರಿನೊಡನೆ ತಳಕ್ಕಿಳಿಯುತ್ತದೆ. ಇಂಧನದಲ್ಲಿಯೇ ಎಣ್ಣೆ ಬೆರೆಸುವ ಎರಡು ಸ್ಟ್ರೋಕಿನ ಎಂಜಿನ್‌ಗೆ ಇದು ಅಪಾಯಕರ, ಏಕೆಂದರೆ ಎಣ್ಣೆ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ. ತಳದ ಪದರವನ್ನು ಹೀರಿದ ಎಂಜಿನ್‌ನ ಬೇರಿಂಗ್‌ಗಳಿಗೂ ಪಿಸ್ಟನ್ನಿಗೂ ಎಣ್ಣೆಯೇ ಸಿಗದು.

ಎರಡು ಸ್ಟ್ರೋಕಿನ ಎಂಜಿನ್‌ನಲ್ಲಿ ಇಂಧನದ ಕೊರತೆಯನ್ನು ಬರೀ ಶಕ್ತಿಯ ಕೊರತೆಯೆಂದು ತಿಳಿಯಬಾರದೆನ್ನುವುದೂ ಇದೇ ಕಾರಣಕ್ಕೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಇಂಧನ ಇದಕ್ಕಿಂತ ಕಡಿಮೆಯಾಗಿ ಮಿಶ್ರಣ ತೆಳುವಾದಾಗ ಪೂರ್ಣ ವೇಗದ ಎಂಜಿನ್‌ನಲ್ಲಿ ಪಿಸ್ಟನ್ನಿನ ತಲೆ ಮಿತಿಮೀರಿ ಕಾಯುತ್ತದೆ, ಇಂಧನದೊಡನೆ ಬರಬೇಕಾದ ಎಣ್ಣೆಯೂ ಅದೇ ಹೊತ್ತಿಗೆ ಕಡಿಮೆಯಾಗುತ್ತದೆ. ಹಿಗ್ಗಿದ ಪಿಸ್ಟನ್ ಸಿಲಿಂಡರಿನ ಗೋಡೆಗೆ ಉಜ್ಜಿ ಕಚ್ಚಿಕೊಂಡರೆ, ಕೆಲವು ರೂಪಾಯಿಗಳ ರಬ್ಬರ್ ಬಳೆಯಿಂದ ಸರಿಹೋಗಬೇಕಾಗಿದ್ದ ಕೆಲಸಕ್ಕೆ ಎಂಜಿನನ್ನೇ ಬಿಚ್ಚಬೇಕಾಗುತ್ತದೆ.

ಕಡಲಿನ ನಡುವೆ ಇಂಥ ಲಕ್ಷಣ ಕಂಡರೆ ಮಾಡಬಹುದಾದದ್ದು ಸ್ವಲ್ಪವೇ ಇದ್ದರೂ ಅದು ಸಾಕಾಗುತ್ತದೆ. ಚೋಕನ್ನು ತುಸು ಎಳೆದಾಗ ಗಾಳಿಯ ದಾರಿ ಕಿರಿದಾಗಿ ಜೆಟ್‌ಗಳ ಮೇಲೆ ಸೆಳೆತ ಹೆಚ್ಚುತ್ತದೆ, ಇದರಿಂದ ಎಂಜಿನ್ ಸುಧಾರಿಸಿದರೆ ಮಿಶ್ರಣ ತೆಳುವಾಗಿರುವುದು ಖಚಿತ. ಆಮೇಲೆ ಗಾಳಿತಿರುಪನ್ನು ಸಡಿಲಿಸಿ, ಕನೆಕ್ಟರುಗಳನ್ನು ಒತ್ತಿ ಕೂರಿಸಿ, ಥ್ರಾಟಲನ್ನು ಅರ್ಧಕ್ಕಿಂತ ಕೆಳಗಿಟ್ಟು, ದೋಣಿಯಲ್ಲಿರುವ ಇನ್ನೊಬ್ಬನ ಕೈಗೆ ಬಲ್ಬನ್ನು ಕೊಟ್ಟು ಬಿಡದೆ ಹಿಸುಕಿಸುತ್ತ ಬರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿ ದೋಣಿಯ ತಳದಲ್ಲಿ ಮಡುಗಟ್ಟುವುದರಿಂದ ಅಲ್ಲಿಯೇ ಕಾರ್ಬ್ಯುರೇಟರ್ ಬಿಚ್ಚಲೂ ಬಾರದು, ಬೀಡಿ ಹೊತ್ತಿಸಲೂ ಬಾರದು. ದಡಕ್ಕೆ ಬಂದ ಮೇಲೆ ಮಾಡಿದ ದುರಸ್ತಿಯನ್ನು ದೋಣಿ ಬಲವಾಗಿ ಕಟ್ಟಿ, ಪ್ರೊಪೆಲ್ಲರ್ ನೀರಿನಲ್ಲಿ ಮುಳುಗಿರುವಂತೆಯೇ, ಗೇರ್ ಹಾಕಿ, ಪೂರ್ತಿ ಥ್ರಾಟಲ್ ಕೊಟ್ಟು ಹಲವು ನಿಮಿಷ ಓಡಿಸಿ ನೋಡಬೇಕು. ಡ್ರಮ್ಮಿನ ನೀರಿನಲ್ಲಿ ಮಂದಗತಿಗೆ ಓಡಿಸಿ ಸರಿಯಿದೆ ಎಂದುಕೊಂಡ ಎಂಜಿನ್, ಹಳೆಯ ದೋಷವನ್ನು ಹೊತ್ತುಕೊಂಡೇ ಮತ್ತೆ ಅಳಿವೆಗೆ ಹೋಗಬಹುದು.