ಭಾನುವಾರದ ಅವಲಕ್ಕಿ

ಜರ್ಮನಿಯ ಆಖೆನ್ ನಗರಕ್ಕೆ ಎಂ.ಎಸ್. ಓದಲು ನಾನು ಬಂದಿಳಿದದ್ದು ಅಕ್ಟೋಬರ್ ಮೊದಲ ವಾರದ ಒಂದು ಶನಿವಾರ ರಾತ್ರಿ. ಫ್ರಾಂಕ್‌ಫರ್ಟ್‌ವರೆಗೆ ವಿಮಾನ, ಆಮೇಲೆ ರೈಲು. ಕೊಲೋನ್‌ನಲ್ಲಿ ರೈಲು ಬದಲಿಸಬೇಕು. ಅಲ್ಲಿ ನಿಲ್ದಾಣದ ಪಕ್ಕದಲ್ಲೇ 157 ಮೀಟರ್ ಎತ್ತರದ ಪ್ರಸಿದ್ಧ ಚರ್ಚ್ ಇದೆ. ಎರಡು ಸೂಟ್‌ಕೇಸ್ ಎಳೆಯುವ ಗಡಿಬಿಡಿಯಲ್ಲಿ ಅದನ್ನು ತಲೆಯೆತ್ತಿ ನೋಡಲೂ ಇಲ್ಲ!

ಬೆಳಗ್ಗೆ ಹಸಿವಿನಿಂದಲೇ ಎಚ್ಚರವಾಯಿತು. ಹಾಲು, ಬ್ರೆಡ್ ತರೋಣವೆಂದು ಹೊರಟರೆ ಬೀದಿಯುದ್ದಕ್ಕೂ ಬಾಗಿಲು ಹಾಕಿದ ಅಂಗಡಿಗಳು. ನಮ್ಮೂರಿನ ಹಾಗೆ ಇಲ್ಲೂ ಬಂದ್ ಇರಬಹುದೇ ಎಂದುಕೊಂಡೆ. ಭಾನುವಾರ ಅಂಗಡಿ ಮುಚ್ಚಿರಬೇಕೆಂಬುದು ಇಲ್ಲಿನ ಕಾನೂನು, ರೈಲು ನಿಲ್ದಾಣದ ಅಂಗಡಿಗಳಿಗೆ ವಿನಾಯಿತಿ ಇದೆ ಎಂಬುದು ತಿಳಿದದ್ದು ಮರುದಿನ.

ಕೋಣೆಗೆ ಮರಳಿ ಸೂಟ್‌ಕೇಸ್ ತೆರೆದೆ. ತಳದಲ್ಲಿ ಅವಲಕ್ಕಿ, ಚಟ್ನಿಪುಡಿಯ ಪೊಟ್ಟಣಗಳು! "ತೂಕ ಜಾಸ್ತಿಯಾಗುತ್ತೆ, ಅಲ್ಲಿ ಎಲ್ಲ ಸಿಗುತ್ತೆ" ಎಂದು ಅಮ್ಮನ ಮೇಲೆ ರೇಗಿ ನಾನೇ ಹೊರಗೆ ತೆಗೆದಿಟ್ಟಿದ್ದವು. ಯಾವಾಗ ಮತ್ತೆ ಒಳಗೆ ತುರುಕಿದಳೋ!

ತಟ್ಟೆ ಇರಲಿಲ್ಲ. ಸ್ಟೀಲ್ ಲೋಟದಲ್ಲೇ ಅವಲಕ್ಕಿ ನೆನೆಸಿ, ಚಟ್ನಿಪುಡಿ ಕಲಸಿದೆ. ಹಾಸ್ಟೆಲಿನ ಅಡುಗೆಮನೆಗೆ ಬಂದ ಪಕ್ಕದ ಕೋಣೆಯ ಹುಡುಗ ನಾನು ಕೈಯಲ್ಲಿ ತಿನ್ನುವುದನ್ನು ನೋಡಿ ಚಮಚ ಕೊಟ್ಟ. ಅವನಿಗೂ ಒಂದು ಚಮಚ ಕೊಟ್ಟೆ. ಖಾರಕ್ಕೆ ಪಾಪ, ಎರಡು ಲೋಟ ನೀರು ಕುಡಿದ.

ಊರಿಗೂ ಇಲ್ಲಿಗೂ ಆಗ ಮೂರೂವರೆ ಗಂಟೆ ವ್ಯತ್ಯಾಸ. ಅಮ್ಮನ ಊಟದ ಹೊತ್ತಿಗೆ ಫೋನ್ ಮಾಡಿದೆ.

"ಏನು ತಿಂದೆ?"

"ಅವಲಕ್ಕಿ."

ಅಮ್ಮ ಗೆದ್ದೆನೆಂದು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಇನ್ನೊಂದು ಸೂಟ್‌ಕೇಸಲ್ಲಿ ಟವೆಲ್ ಸುತ್ತಿ ಉಪ್ಪಿನಕಾಯಿ ಇಟ್ಟಿದ್ದೀನಿ, ನೋಡು."